ವರ್ಗ

ಖಡ್ಕಿಯ ಈ ಶಾಲೆಯಲ್ಲಿ ನಾನು ಗುಮಾಸ್ತೆ.
ಇಪ್ಪತ್ತಾರು ವರ್ಷ, ಒಂದೇ ಕುರ್ಚಿ, ಒಂದೇ ಕಿಟಕಿ.
ಆಚೆ ಗೇಟು, ಗೇಟಿನಾಚೆ ಮಳೆಮರಗಳ ರಸ್ತೆ.
ಗದಗಿನಿಂದ ಮದುವೆಯಾಗಿ ಬಂದವಳು, ಆಮೇಲೆ ಎಲ್ಲಿಗೂ ಹೋಗಲಿಲ್ಲ.
ಹೋಗುವವರ ಕಾಗದ ಬರೆಯುವುದು ನನ್ನ ಕೆಲಸ.

ಕನ್ನಡದಲ್ಲಿ ತರಗತಿಗೂ ವರ್ಗ, ಎತ್ತಂಗಡಿಗೂ ವರ್ಗ.
ಸಿಪಾಯಿಗಳ ಮಕ್ಕಳಿಗೆ ಅದು ಶ್ಲೇಷೆಯಲ್ಲ, ದಿನಚರಿ:
ಮೂರನೆಯ ವರ್ಗ ಬಬೀನಾ, ನಾಲ್ಕು ಭಟಿಂಡಾ,
ಐದರ ಅರ್ಧ ಬಿನ್ನಾಗುಡಿ, ಇನ್ನರ್ಧ ಇಲ್ಲಿ.
ಭಿನ್ನರಾಶಿಯನ್ನು ಮೂರು ಸಲ ಕಲಿತ ಹುಡುಗಿಗೆ
ದಶಮಾಂಶ ಯಾರೂ ಕಲಿಸಿರಲಿಲ್ಲ.

ಭಾಗೀರಥಿ ನಾಟೀಕಾರ. ಅಜ್ಜಿಯ ಹೆಸರು.
ಸ್ವಂತ ಊರು ಎಂಬ ಗೆರೆಯ ಮೇಲೆ ಪೆನ್ನಿಟ್ಟು ಕಾದೆ.
"ಮುದ್ದೇಬಿಹಾಳ ಅಂತ ಬರೀರಿ ಟೀಚರ್.
ಆದ್ರ ಅಲ್ಲಿ ಹೋದ್ರ ನನಗ ಮಿಲಿಟ್ರಿ ಹುಡುಗಿ ಅಂತಾರ,
ಇಲ್ಲಿ ಮದ್ರಾಸಿ ಅಂತಾರ."
ನಾನು ಟೀಚರ್ ಅಲ್ಲ ಎಂದು ಹೇಳುವುದು ಮರೆತುಹೋಯಿತು.

ಒಂದು ಗುರುವಾರ
ಹಸಿರು ಜೀಪು ಬಂದು ಗೇಟಿನಲ್ಲಿ ನಿಂತಿತು.
ಎದುರಿನ ಆರನೆಯ ವರ್ಗದಲ್ಲಿ ನಲವತ್ತೆರಡು ಪೆನ್ನು ಓಡುತ್ತಿದ್ದವು.
ಹನ್ನೊಂದು ನಿಂತವು.
ಉಳಿದವು ಬರೆಯುತ್ತಲೇ ಇದ್ದವು,
ಬಜಾರಿನ ಅಂಗಡಿಯವರ ಮಕ್ಕಳು, ಫ್ಯಾಕ್ಟರಿಯವರ ಮಕ್ಕಳು, ದಂತವೈದ್ಯರ ಮಗ.
ಹನ್ನೊಂದು ಕತ್ತುಗಳು ತಿರುಗಲೂ ಇಲ್ಲ.
ಯಾರ ಹೆಸರು ಕರೆಯುತ್ತಾರೆ?

ಇಳಿದವನ ಕೈಯಲ್ಲಿದ್ದದ್ದು ಚಿತ್ರಕಲಾ ಸ್ಪರ್ಧೆಯ ಸುತ್ತೋಲೆ.
ಕೊಟ್ಟ, ಹೋದ. ಪೆನ್ನುಗಳು ಮತ್ತೆ ಹೊರಟವು
ಏನೂ ಆಗಿಲ್ಲವೆಂಬಂತೆ. ಏನೂ ಆಗಿರಲಿಲ್ಲ, ನಿಜ.

ಅಷ್ಟು ವರ್ಷ ಆ ಕಿಟಕಿಯಲ್ಲಿ ಕೂತು
ನಾನು ನೋಡುತ್ತಿದ್ದದ್ದಾದರೂ ಏನನ್ನು?

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಕಾವಲಿನ ಧೋಂಡಿಬಾಗೆ ಹೇಳಿದೆ:
ಇನ್ನು ಮೇಲೆ ಜೀಪು ಬಂದರೆ
ಯಾತಕ್ಕೆ ಬಂತೆಂದು ಅಂಗಳದಿಂದಲೇ ಕೂಗು. ಮಾಳಿಗೆಗೂ ಕೇಳಬೇಕು.
ಅವನು ಯಾಕೆ ಅನ್ನಲಿಲ್ಲ.
ಸಾತಾರದ ಕಡೆಯವನು, ಅವರೂರಲ್ಲಿ ಮನೆಗೊಬ್ಬ ಸಿಪಾಯಿ.

ಅಂದಿನಿಂದ ನಮ್ಮಲ್ಲಿ ಡಂಗುರ:
"ಲಸಿಕೆಯ ಪಟ್ಟಿ!"
"ಬ್ಯಾಂಡಿನವರ ಕುರ್ಚಿ ವಾಪಸ್ಸು!"
"ಮೇಜರ್ ಸಾಹೇಬರ ಮಗ ಡಬ್ಬಿ ಮರೆತಿದ್ದಾನೆ, ಬೆಂಡೆಕಾಯಿ!"
ಹೆಡ್‌ಮಿಸ್ಟ್ರೆಸ್ ಗದ್ದಲವೆಂದು ಒಂದು ವಾರ ಕಿಟಕಿ ಮುಚ್ಚಿಸಿದರು,
ಆಮೇಲೆ ತೆರೆಸಿದರು. ಕಾರಣ ಹೇಳಲಿಲ್ಲ.

ಭಾಗೀರಥಿ ಬಿಡುವಿನಲ್ಲಿ ನನ್ನ ಮೇಜಿಗೆ ಬರುತ್ತಿದ್ದಳು,
ಸ್ಟಾಂಪಿನ ಪ್ಯಾಡಿಗೆ ಶಾಯಿ ಹಾಕಲು.
ಫೋನಿನಲ್ಲಿ ಅಪ್ಪನ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತದಂತೆ,
ಇವಳು ಅಂಕಪಟ್ಟಿ ಹಿಡಿದೇ ಇರುತ್ತಾಳಂತೆ, ತೋಳು ನೋಯುವತನಕ.
ಕ್ವಾರ್ಟರ್ಸಿನ ಹಿತ್ತಲಲ್ಲಿ ಪೇರಲ ಇದೆಯಂತೆ, ಯಾರು ನೆಟ್ಟರೋ.
"ಹಣ್ಣು ಭಾಳ ಸಿಹಿ. ಅದಕ್ಕ ನಾನೂ ಒಂದು ಸೀತಾಫಲದ ಬೀಜ ಊರೀನಿ,
ಮುಂದ ಬರೋರಿಗೆ."

ಮಾರ್ಚಿನಲ್ಲಿ ಆದೇಶ ಬಂತು. ತೇಜಪುರ.
ಬಿಡುವ ಕಾರಣ: ತಂದೆಯ ವರ್ಗಾವಣೆ.
ನಡತೆ: ಅಲ್ಲಿ ಒಂದೂವರೆ ಇಂಚು ಜಾಗ.
ಅಪ್ಪನ ಎದೆಗೆ ಬಣ್ಣದ ಪಟ್ಟಿಗಳಿವೆ,
ಇವಳ ನೀಲಿ ಸ್ವೆಟರಿನ ಎದೆಗೆ
ಮೂರು ಶಾಲೆಯ ಬ್ಯಾಜು ಬಿಚ್ಚಿದ ಹೊಲಿಗೆಯ ತೂತುಗಳು.
ಉತ್ತಮ ಎಂದು ಬರೆದೆ. ಮತ್ತೇನು ಹಿಡಿಸುತ್ತದೆ ಅಲ್ಲಿ?

"ಟೀಚರ್, ಅಲ್ಲಿನೂ ಯಾರರ ಕೂಗಿ ಹೇಳ್ತಾರಾ?"

ಆ ಊರಿನ ಆ ಕುರ್ಚಿಯಲ್ಲಿ ಯಾರಿದ್ದಾರೋ ನನಗೆ ಗೊತ್ತಿಲ್ಲ.
ಅವಳು ನೀರು ಕುಡಿಯಲು ಹೋದಾಗ
ಚೀಟಿಯೊಂದರ ಮೇಲೆ ಪೆನ್ಸಿಲ್ಲಿನಲ್ಲಿ, ನನ್ನ ತಪ್ಪು ಹಿಂದಿಯಲ್ಲಿ,
ಜೀಪು ಬಂದರೆ ಯಾತಕ್ಕೆಂದು ಜೋರಾಗಿ ಹೇಳಿ
ಎಂದು ಬರೆದು ಸರ್ಟಿಫಿಕೇಟಿನ ಹಿಂದೆ ಪಿನ್ನು ಚುಚ್ಚಿದೆ.

ಈಗ ಹೊಸ ಮಗುವಿನ ಕಾಗದ ಬಂದರೆ
ಹೆಸರು ಓದುವ ಮೊದಲು ಹಿಂಬದಿ ತಿರುಗಿಸುತ್ತೇನೆ.
ಇನ್ನೂ ಏನೂ ಸಿಕ್ಕಿಲ್ಲ.
ಒಮ್ಮೆ ಮಾತ್ರ, ಬರೀ ಪಿನ್ನಿನ ತೂತು.