ಮೊರ ಹಿಡಿಯದ ಮಣ್ಣು

ಕ್ವೀನ್ಸ್‌ಟೌನಿನ ಸ್ಮಶಾನದಲ್ಲಿ ಗುಂಡಿ ತೋಡುವ ಡೆನ್ಜಿಲ್ ಪೆಂಗೆಲಿ
ಮೊದಲಿಗೆ ಸಲಿಕೆ ಮುಟ್ಟುವುದಿಲ್ಲ. ಹಾರೆ.
ಠಣ್ ಅಂದರೆ ಕಲ್ಲು. ಸುಮ್ಮನಿದ್ದರೆ ಜೇಡಿ.

ನನ್ನನ್ನು ಕಳಿಸಿದ್ದು ಪುರಸಭೆ: ತೋಡಿಟ್ಟ ಗುಂಡಿಯಲ್ಲಿ
ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ನೀರು ಯಾಕೆ, ನೋಡಿ ಬಾ.
ಮಳೆ ಅಂತ ಬರೆದರೆ ನಗುತ್ತಾರೆ.
ಟಾಸ್ಮೇನಿಯಾದ ಈ ಪಡುವಣ ಮಗ್ಗುಲಲ್ಲಿ
ವರ್ಷಕ್ಕೆ ಒಂದೂವರೆ ಆಳುದ್ದ ಸುರಿಯುತ್ತದೆ,
ಕೊಡೆ ಹಿಡಿದವರನ್ನು ಹೊಸಬರು ಅನ್ನುತ್ತಾರೆ.

ಕೊಡೆ ಮಡಚಿ ಇಳಿದೆ. ಗೋಡೆ ಸವರಿದೆ.
ಬೂದು ಜೇಡಿಯೊಳಗೆ ಮುಷ್ಟಿಯಷ್ಟು ಕಲ್ಲು, ಸಾಸಿವೆಯಷ್ಟು ಕಲ್ಲು,
ಕುರಿಮರಿಯಷ್ಟು ದೊಡ್ಡದೊಂದು, ಎಲ್ಲ ಒಟ್ಟೊಟ್ಟಿಗೆ,
ಮದುವೆಮನೆಯಲ್ಲಿ ರಾತ್ರಿ ಸಿಕ್ಕಲ್ಲಿ ಉರುಳಿಕೊಂಡವರ ಹಾಗೆ.

ನದಿಯಾಗಿದ್ದರೆ ಮೊರ ಹಿಡಿಯುತ್ತಿತ್ತು:
ದಪ್ಪನೆಯದು ಮೇಲ್ದಂಡೆಗೆ, ನುಚ್ಚು ತಿರುವಿಗೆ, ಹೊಟ್ಟು ಕಡಲಿಗೆ.
ಇದು ಹಿಮ ತಂದದ್ದು. ಹೊತ್ತದ್ದನ್ನು ಹೊತ್ತ ಹಾಗೇ ಇಳಿಸಿ
ಹೇಳದೆ ಕೇಳದೆ ಕರಗಿ ಹೋಗಿದೆ.

ಒಣಚಳಿಯ ಸೀಮೆಯಲ್ಲಿ ಹಿಮ ನೆಲಕ್ಕೆ ಕಚ್ಚಿಕೊಂಡು
ಕೂತಲ್ಲೇ ಮುದಿಯಾಗುತ್ತದೆ.
ಇಲ್ಲಿ ಕಡಲ ಗಾಳಿ ಹೇರಿನ ಮೇಲೆ ಹೇರು ತಂದು ಸುರಿಯಿತು,
ಅಡಿ ಒಸರಿತು, ಒಸರಿದ್ದೇ ಜಾರಿತು.
ರುಬ್ಬಿ ಬಲ್ಲವರಿಗೆ ಗೊತ್ತು,
ನೀರು ಚಿಮುಕಿಸದೆ ಗುಂಡು ತಿರುಗದು.
ಬೆಟ್ಟದ ಪಕ್ಕೆ ಸವೆಸಿ, ಕಣಿವೆಯ ತಳವನ್ನು
ಬೋಗುಣಿಯಂತೆ ಅಗಲಿಸಿ, ಕಲ್ಲನ್ನು ಹಿಟ್ಟು ಮಾಡಿತು.
ಆ ಹಿಟ್ಟೇ ಈ ಜೇಡಿ. ನೀರು ಇಂಗದು.
ಇಷ್ಟೇ ನನ್ನ ವರದಿ, ಒಂದು ಪುಟ.

ಡೆನ್ಜಿಲ್ ಓದಲಿಲ್ಲ. ಗುಲಾಬಿ ಬಣ್ಣದ ಕಲ್ಲೊಂದನ್ನು
ಪ್ಯಾಂಟಿಗೆ ಒರೆಸಿ ತೋರಿಸಿದ. ಮೈತುಂಬ ಒಂದೇ ದಿಕ್ಕಿನ ಗೀರು,
ಬೆಕ್ಕು ಪರಚಿದಂತೆ. ಮೋಡದೊಳಗಿನ ಓವನ್ ಬೆಟ್ಟದತ್ತ ಗದ್ದ ಎತ್ತಿದ:
ಅಲ್ಲಿಯದು.

"ನಾಳೆ ಬರುವವರು ಮಿಸ್ ಟ್ರೆಗಿಯರ್," ಅಂದ, "ನನಗೆ ಲೆಕ್ಕ ಕಲಿಸಿದವರು.
ಎತ್ತರದ ಪ್ರಕಾರ ಕೂರಿಸುತ್ತಿದ್ದರು ನಮ್ಮನ್ನು.
ಗಿಡ್ಡ ಅಂತ ನಾನು ಯಾವಾಗಲೂ ಮುಂದಿನ ಬೆಂಚು.
ಈ ಮಣ್ಣು ಅವರಿಗೆ ಹಿಡಿಸುವುದಿಲ್ಲ."

ಬಕೆಟ್ಟಿನಲ್ಲಿ ನೀರು ಮೊಗೆದು ಚೆಲ್ಲಿದೆವು. ಮತ್ತೆ ತುಂಬಿತು.
ಇಳಿಜಾರಿಗೆ ಒಂದು ಕಾಲುವೆ ಬೇಕೆಂದು ಕೊನೆಯಲ್ಲಿ ಸೇರಿಸಿದೆ.

ಸಂಜೆ ಕಾರಿನತ್ತ ಹೋಗುವಾಗ ತಿರುಗಿ ನೋಡಿದರೆ
ಗುಂಡಿಯ ಅಂಚಿನಲ್ಲಿ ಕಲ್ಲುಗಳ ಸಾಲು,
ದೊಡ್ಡದರಿಂದ ಚಿಕ್ಕದಕ್ಕೆ, ನೆಟ್ಟಗೆ.
ಅವನು ಮಂಡಿಯೂರಿ
ಕೊನೆಯ ಸಾಸಿವೆಗಾತ್ರದ್ದನ್ನು ಬೆರಳ ತುದಿಯಿಂದ
ಇನ್ನೂ ಸರಿಪಡಿಸುತ್ತಿದ್ದ, ಮಳೆಯಲ್ಲಿ.