ಮುನ್ನೂರಿಪ್ಪತ್ತು ಚೀಲ

ಚಿಕ್ಕಮಗಳೂರು, ಕಡೂರು ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಇಪ್ಪತ್ತೆರಡು ವರ್ಷದಿಂದ ರಫ್ತಿನ ಕಾಗದ ಬರೆಯುವವನು ನಾನು.
ಸಮುದ್ರ ನೋಡಿದ್ದು ಎರಡೇ ಸಲ, ಎರಡೂ ಮಂಗಳೂರಲ್ಲಿ,
ಆದರೂ ಬಂದರುಗಳೆಲ್ಲ ಬಾಯಿಪಾಠ.
ಲೋವಾನ್ ಎಂಬಲ್ಲಿಯ ಇರ್ಮಾ ಎಂಬಾಕೆ
ವರ್ಷಕ್ಕೊಂದು ಕಂಟೇನರ್ ಕೊಳ್ಳುತ್ತಿದ್ದಳು,
ಪ್ಲಾಂಟೇಶನ್ ಎ, ಮುನ್ನೂರಿಪ್ಪತ್ತು ಚೀಲ.
ಹಣ ತಡವಾದದ್ದು ಒಮ್ಮೆ ಮಾತ್ರ, ಅವಳಪ್ಪ ತೀರಿಹೋದ ವರ್ಷ.

ಈ ಸಲ ಖಾಲಿ ಚೀಲಕ್ಕೆ ಒತ್ತಿದ ಮಸಿ ಆರುವ ಮೊದಲೇ ಸುದ್ದಿ ಬಂತು:
ಪಕ್ಕದ ದೊಡ್ಡ ದೇಶ ಲೋವಾನನ್ನು
ತನ್ನದೆಂದು ಬರೆದುಕೊಂಡಿದೆ.
ಮತದಾನವೂ ಆಯಿತಂತೆ,
ಟ್ಯಾಂಕಿನ ನೆರಳಲ್ಲಿ ಸಾಲು ನಿಲ್ಲಿಸಿ,
ನೂರಕ್ಕೆ ತೊಂಬತ್ತೇಳು.
ನಮ್ಮ ಸೊಸೈಟಿಯಲ್ಲಿ ಅವಿರೋಧ ಆಯ್ಕೆಯಾದರೂ
ನಾಲ್ಕು ಜನ ಗೊಣಗುತ್ತಾರೆ.

ಆಮೇಲೆ ಲೋಕ ಮಾತಾಡಿತು.
ಒಂದು ದೇಶ ಖಂಡಿಸಿತು. ಇನ್ನೊಂದು ತೀವ್ರವಾಗಿ ಖಂಡಿಸಿತು.
ಬರೀ ಖಂಡನೆಗೂ ತೀವ್ರ ಖಂಡನೆಗೂ ಏನು ಫರಕು
ಎಂದು ಕೇಳಿದ ಗೇಟಿನ ಕೆಂಚಯ್ಯ.
ನನ್ನ ಬಳಿ ಉತ್ತರವಿರಲಿಲ್ಲ.
ಚಳಿಗೆ ಗ್ಯಾಸು ಆ ದೊಡ್ಡವನಿಂದಲೇ ತರಿಸಬೇಕಾದವರು
ಎರಡೂ ಕಡೆಗೆ ಸಂಯಮ ಬೋಧಿಸಿದರು,
ಒದ್ದವನನ್ನೂ ಒದೆಸಿಕೊಂಡವನನ್ನೂ
ಒಂದೇ ಪಂಕ್ತಿಗೆ ಕೂರಿಸಿ ಬಡಿಸಿದಂತೆ.
ಎಲ್ಲೋ ಒಂದು ರಾತ್ರಿ ದೊಡ್ಡ ಗೋಪುರಕ್ಕೆ
ಆ ಸಣ್ಣ ಬಾವುಟದ ಬಣ್ಣದ ದೀಪ ಹಾಕಿದರು.
ನಾವು ಕೈ ಎತ್ತಲಿಲ್ಲ, ಇಳಿಸಲೂ ಇಲ್ಲ,
ಮೇಜಿನ ಕೆಳಗೆ ಇಟ್ಟುಕೊಂಡೆವು.

ಬ್ಯಾಂಕು ಬರೆಯಿತು: ಸರಕು ಇಳಿಯುವ ದೇಶ ಯಾವುದು, ಸ್ಪಷ್ಟಪಡಿಸಿ.
ಹಳೆಯ ಹೆಸರಾದರೆ ಅಲ್ಲಿನ ಸುಂಕದವರು ಬಿಡರು,
ಹೊಸದಾದರೆ ಇಲ್ಲಿಗೆ ಹಣ ಬಾರದು.
ಖಾಲಿ ಬಿಟ್ಟರೆ ಕಂಪ್ಯೂಟರ್
ಕೆಂಪು ಗೆರೆ ಎಳೆದು ಕೂತುಬಿಡುತ್ತದೆ.

ಇರ್ಮಾಳ ಮೇಲ್ ಚಿಕ್ಕದು.
ಬಾಗಿಲ ನಂಬರ್ ಅದೇ, ಬೀದಿಯ ಹೆಸರು ಬೇರೆ.
ಗಡಿಯಾರ ಒಂದು ಗಂಟೆ ಮುಂದಿಡಲು ಹುಕುಮಾಗಿದೆ,
ಅಡುಗೆಮನೆಯದನ್ನು ನಾನು ಮುಟ್ಟಿಲ್ಲ.
ನೀವು ಹಳೆಯದನ್ನೇ ಬರೆಯಿರಿ. ಕಾಫಿ ಬಾರದಿದ್ದರೆ ಬೇಡ.

ಮಧ್ಯಾಹ್ನ ಬೀಜ ಆರಿಸುವ ಹಾಲಿನಲ್ಲಿ ಇದನ್ನು ಹೇಳಿದೆ.
ಕಪ್ಪು ಬೀಜ ತೆಗೆಯುತ್ತಿದ್ದ ಜುಲೇಕಾಬಿ ಕೈ ನಿಲ್ಲಿಸಲಿಲ್ಲ.
"ನಮ್ಮ ಹಿತ್ತಿಲ ಬಾಂದುಕಲ್ಲು ಒಂದು ರಾತ್ರಿ
ಹದಿನಾಲ್ಕಡಿ ನಡ್ಕೊಂಡು ಬಂತಲ್ಲ ಸಾರ್,
ಆವಾಗ್ಲೂ ಎಲ್ರೂ ಬಂದಿದ್ರು.
ಪಂಚಾಯ್ತಿ ಮೆಂಬರು, ಸರ್ವೆಯೋರು, ಮಸೀದಿಯ ಮುತವಲ್ಲಿ.
ಪಾಪ, ಭಾಳ ಬೇಜಾರು ಮಾಡ್ಕೊಂಡ್ರು.
ನಾನೇ ಟೀ ಕಾಯಿಸಿ ಕೊಟ್ಟೆ.
ಕಲ್ಲು ಬಂದಲ್ಲೇ ಇದೆ. ನುಗ್ಗೆ ಮರ ಈಗ ಅವರದ್ದು,
ಕಾಯಿ ಬಿಟ್ಟಾಗ ಎರಡು ಕಳಿಸ್ತಾರೆ."

ಮ್ಯಾನೇಜರು ಬೇರೆ ಗಿರಾಕಿ ಹುಡುಕಿದರು, ಬೇರೆ ಬಂದರು.
ಹೊಸ ಚೀಲಕ್ಕೆ ದುಡ್ಡಿಲ್ಲ, ಇವನ್ನೇ ತಿರುವಿಹಾಕಿ ಎಂದರು.
ಹೆಂಗಸರು ಕೂತು ಒಂದೊಂದೇ ತಿರುವಿದರು.
ಸೆಣಬು ಮಸಿ ಕುಡಿದಿತ್ತು.
ಒಳಮೈ ಹೊರಗೆ ಬಂದಾಗ
ಎಡಬಲ ತಿರುಗಿದ ಅಕ್ಷರಗಳಲ್ಲಿ, ತೆಳ್ಳಗೆ,
ಆ ದೇಶ ಅಲ್ಲೂ ಇತ್ತು.
ಅದರ ಮೇಲೆಯೇ ಹೊಸ ಊರು ಒತ್ತಿದೆವು.
ಹತ್ತಿರ ಹೋದರೆ ಎರಡೂ ಕಾಣುತ್ತವೆ,
ಯಾರೂ ಅಷ್ಟು ಹತ್ತಿರ ಹೋಗುವುದಿಲ್ಲ.

ಆಕೆಗೆ ಉತ್ತರ ಬರೆಯಲು ಕೂತೆ.
ನಮ್ಮ ಸಂಸ್ಥೆಯು ತೀವ್ರ ವಿಷಾದ ವ್ಯಕ್ತಪಡಿಸುತ್ತದೆ.
ಎದ್ದುಹೋಗಿ ನೀರು ಕುಡಿದು ಬಂದು
'ತೀವ್ರ' ಅಳಿಸಿದೆ. ಉಳಿದದ್ದು ಹಾಗೇ ಹೋಯಿತು.

ಸಂಜೆ ಅಚ್ಚೊತ್ತುವ ಹಯಾತ್ ತಗಡು ಹಿಡಿದು ಬಂದ,
ಆ ದೇಶದ ಹೆಸರು ಕೊರೆದ ತಗಡು.
ಹೆಸರೆಂದರೆ ಅದರಲ್ಲಿ ಇಲ್ಲದ ಭಾಗ.
"ಗೋದಾಮಿನ ಮಾಡು ಸೋರ್ತಿದೆ, ಬಡಿದುಬಿಡ್ಲಾ?"
ಇಷ್ಟು ತೂತಿರುವುದನ್ನೇ ಎಂದೆ.
ಇರಲಿ, ಗೋಡೆಗೆ ಆನಿಸಿಡು,
ಯಾರಾದರೂ ಕೇಳಿಕೊಂಡು ಬಂದರೆ ಬೇಕಾಗುತ್ತದೆ.
"ಯಾರು ಸಾರ್?" ಎಂದ.
ನಾನು ಸ್ಕೂಟರಿನ ಕೀ ಹುಡುಕುತ್ತಿದ್ದೆ.