ಹದಿನೆಂಟು

ಎಲ್ಲರ ಉಸಿರೂ ಹದಿನೆಂಟು ಹೇಗಾಯಿತು, ಲಲಿತಾಬಾಯಿ?
ಒಂದನೇ ಹಾಸಿಗೆಯಿಂದ ಹದಿನಾಲ್ಕರವರೆಗೆ
ಒಂದೇ ನೀಲಿ ಪೆನ್ನು, ಒಂದೇ ಅಂಕಿ,
ಪಕ್ಕದವಳ ಪಾಟಿ ನೋಡಿ ಇಳಿಸಿಕೊಂಡ ಮಗ್ಗಿಯ ಹಾಗೆ.
ಆರನೆಯದು ಖಾಲಿ ಮಾರಾಯ್ತಿ,
ಮಧ್ಯಾಹ್ನವೇ ಸೊರಬದ ಬಸ್ಸು ಹತ್ತಿದರು ಅವರು.
ಬರೀ ಹಾಸಿಗೆಯೂ ಉಸಿರಾಡಿದೆ ನಿನ್ನ ಚಾರ್ಟಿನಲ್ಲಿ,
ನಿಮಿಷಕ್ಕೆ ಹದಿನೆಂಟು.

ಬೈಯುವುದಿಲ್ಲ. ಬಾ, ಸ್ಟೂಲು ಎಳಕೋ.

ಹನ್ನೊಂದನೆಯವರು ಮೌನೇಶಾಚಾರಿ,
ಗಾಂಧಿಬಜಾರಿನ ಸಂದಿಯಲ್ಲಿ ನಲವತ್ತು ವರ್ಷ
ಕುಲುಮೆ ಮುಂದೆ ಕೂತವರು.
ಮಣಿಕಟ್ಟು ಹಿಡಿ. ನಾಡಿ ನೋಡ್ತೀನಿ ಅನ್ನು.
ಸುಳ್ಳೇ, ಆದರೂ ಅನ್ನು.
ಉಸಿರೆಣಿಸುತ್ತೇನೆ ಎಂದರೆ ಉಸಿರು ಬದಲಾಗುತ್ತದೆ,
ಫೋಟೋದವನು ಬಂದ ಕೂಡಲೇ
ಮದುವೆಮನೆಯವರೆಲ್ಲ ಸೆರಗು ಸರಿಮಾಡಿಕೊಂಡ ಹಾಗೆ.

ಗೋಡೆ ಗಡಿಯಾರ ನಂಬಬೇಡ,
ಸೆಕೆಂಡಿನ ಮುಳ್ಳು ನಿಂತು ಎರಡು ತಿಂಗಳು,
ಎರಡು ಸಲ ಇಂಡೆಂಟ್ ಬರೆದೆ.
ನಿನ್ನ ವಾಚು ನೋಡು. ಪೂರಾ ಒಂದು ನಿಮಿಷ.
ಹದಿನೈದು ಸೆಕೆಂಡಿಗೆ ನಿಲ್ಲಿಸಿ ನಾಲ್ಕರಿಂದ ಗುಣಿಸಿದರೆ
ಹದಿನಾರನೆಯ ಸೆಕೆಂಡಿನಲ್ಲಿ ನಿಂತ ಉಸಿರು
ಯಾರ ಲೆಕ್ಕಕ್ಕೆ ಹೋಯಿತು?

ಕೊರಳ ಬುಡದ ಗುಳಿ ಒಳಕ್ಕೆ ಜಗ್ಗುತ್ತಿದೆಯಾ, ನೋಡು.
ಮೂಗಿನ ಹೊಳ್ಳೆ?
ಎದೆ ಹೊಟ್ಟೆ ಕೂಡಿ ಏಳುತ್ತಿವೆಯಾ
ಇಲ್ಲಾ ಎತ್ತು ಏರಿಗೆ ಕೋಣ ನೀರಿಗೆ
ಎಳೆಯುತ್ತಿವೆಯಾ?
ಒಳಗೆ ಹೋದದ್ದಕ್ಕಿಂತ ಹೊರಗೆ ಬರುವುದಕ್ಕೆ
ಎಷ್ಟು ಹೊತ್ತು ಹಿಡಿಯುತ್ತದೆ?
ಊಟ ಆಯ್ತಾ ಆಚಾರ್ರೇ, ಅಂತ ಸುಮ್ಮನೆ ಕೇಳು.

ಗಂಜಿ...
ಕುಡಿದೆ...
ತಾಯಿ.

ಕೇಳಿಸಿತಾ, ಒಂದೊಂದು ಮಾತಿಗೆ ಒಂದೊಂದು ಉಸಿರು.

ಬೆಳಿಗ್ಗೆ ಇವರನ್ನು ಊದಿಸುವ ಮಿಷನ್ನಿಗೆ ಕರಕೊಂಡು ಹೋಗಿದ್ದೆ.
ಊದಿ ಊದಿ ಊದಿ ಊದಿ ಎಂದು ಆ ಹುಡುಗ ಕೂಗಿದ್ದೇ ಕೂಗಿದ್ದು.
ಇವರು ಕೆನ್ನೆ ತುಂಬ ಗಾಳಿ ತುಂಬಿಕೊಂಡು
ಮೂಗಲ್ಲಿ ಎಳೆಯುತ್ತ ಬಾಯಲ್ಲಿ ಬಿಡುತ್ತ
ಸಣ್ಣಗೆ, ದಾರ ಬಿಟ್ಟ ಹಾಗೆ,
ಊದುಗೊಳವೆಯ ಊದು.
ತಪ್ಪು, ಅಂದಿತು ಪರದೆ. ಮತ್ತೆ ತಪ್ಪು. ಮತ್ತೆ.
ಅದಕ್ಕೆ ಮೊದಲ ಸೆಕೆಂಡಿನಲ್ಲೇ ಮುಕ್ಕಾಲು ಪಾಲು ಬೇಕು.
ಇವರು ತಲೆ ತಗ್ಗಿಸಿದರು:
ಜೋರಾಗಿ ಊದಿದರೆ ಬೆಸುಗೆಯ ಹುಡಿ ಹಾರಿಹೋಗ್ತದಮ್ಮ,
ನಮ್ಮಪ್ಪ ಅದಕ್ಕೇ ಹೊಡೀತಿದ್ದ.

ನಾಲ್ಕನೆಯ ಸಲ ಕೆನ್ನೆಗೆ ನಾನೇ ಎರಡು ಕೈ ಒತ್ತಿ ಹಿಡಿದೆ.
ಎದೆಯಿಂದ ಬಂತು ಆಗ.
ಬಂದದ್ದು ಇಷ್ಟೇ.

ನಮ್ಮಜ್ಜಿಗೆ ಉಸಿರಿನ ಹೆಸರು ಎಷ್ಟು ಗೊತ್ತಿತ್ತು,
ನಿಟ್ಟುಸಿರು, ಏದುಸಿರು, ಬಿಕ್ಕುಸಿರು,
ಮೇಲುಸಿರು ಅಂದಳೆಂದರೆ
ದೊಡ್ಡಪ್ಪ ಸೈಕಲ್ ಹತ್ತಿ ನೆಂಟರಿಗೆ ಹೇಳಲು ಹೋಗುತ್ತಿದ್ದ.
ನಮಗೆ ಕೊಟ್ಟದ್ದು ಬೆರಳಗಲದ ಚೌಕ.
ಎರಡು ಅಂಕಿ ಹಿಡಿಸುತ್ತದೆ.

ಇನ್ನೊಂದು. ಇದನ್ನು ಯಾರ ಮುಂದೂ ಉಸುರಿದವಳಲ್ಲ ನಾನು.
ಹೊನ್ನಾಳಿ ರೋಡಿನ ರೈಸ್‌ಮಿಲ್ಲಿನ ಹನೀಫಾಬಿ,
ತೌಡಿನ ಧೂಳು ತಿಂದ ಎದೆ.
ರಾತ್ರಿ ಎರಡಕ್ಕೆ ಬಾಗಿಲಲ್ಲೇ ನಿಂತು ಬರೆದೆ, ಹದಿನೆಂಟು.
ಅಮ್ಮ ಕೂತೇ ಇದಾಳೆ ಸಿಸ್ಟರ್, ಮಲಗ್ತಿಲ್ಲ, ಅಂದಳು ಮಗಳು.
ನಿದ್ದೆ ಬಂದಿಲ್ಲ, ಅಂದೆ.
ರೌಂಡ್ಸಿಗೆ ಬಂದ ಡಾಕ್ಟರು
ನನ್ನ ಅಂಕಿ ಓದಿ ಮುಂದಿನ ಹಾಸಿಗೆಗೆ ಹೋದರು.
ಐದಕ್ಕೆ ತುಟಿ ನೇರಳೆ.
ಟ್ರಾಲಿಯ ಒಂದು ಚಕ್ರ ತಿರುಗದೆ
ಎತ್ತಿಕೊಂಡೇ ಓಡಿದೆವು.

ಬದುಕಿದಳು. ನಿನಗೆ ಸಮಾಧಾನವಾಗಲೆಂದು ಹೇಳುತ್ತಿಲ್ಲ,
ನಿಜವಾಗಿ ಬದುಕಿದಳು.
ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಈಗಲೂ ಕೈ ಹಿಡಿದು
ಮಗಳ ಮನೆ, ಮೊಮ್ಮಗನ ಹಲ್ಲು, ಏನೇನೋ ಮಾತಾಡುತ್ತಾಳೆ.
ನಾನು ಹೂಂಗುಟ್ಟುತ್ತೇನೆ.
ಒಂದು ಮಾತೂ ಕಿವಿಗೆ ಬೀಳುವುದಿಲ್ಲ.
ಎಣಿಸುತ್ತಿರುತ್ತೇನೆ.

ಸರಿ, ಎಷ್ಟು ಬಂತು?
ಮೂವತ್ತೊಂದು?
ಬರಿ. ಟೈಮೂ ಬರಿ.
ದಿಂಬು ಎತ್ತರ ಮಾಡಿ, ಡ್ಯೂಟಿ ಡಾಕ್ಟರಿಗೆ ಫೋನು ಹಚ್ಚು,
ಎತ್ತದಿದ್ದರೆ ನನಗೆ ಕೊಡು.

ಆಮೇಲೆ, ಆರನೆಯದನ್ನು
ಗೆರೆ ಎಳೆದು ಹೊಡೆದುಹಾಕು.